ಸೀಟಿ ನಿಂತ ಮೇಲೆ ಓದಿದ್ದು

ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆ ಹೋಗುವ ರಸ್ತೆಯಲ್ಲಿ ಮಾವಿನ ಮಂಡಿಗಳನ್ನು ದಾಟಿದರೆ ಒಂದು ಉದ್ದನೆಯ ತಗಡಿನ ಶೆಡ್ಡು. ಕೋದಂಡರಾಮಪ್ಪನವರ ರೇಷ್ಮೆ ಫಿಲೇಚರ್, ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆ. ಬಾಯ್ಲರ್ ಒಡೆದು ದೊಡ್ಡಮುನಿಯಮ್ಮ ಸತ್ತ ಮೇಲೆ ಅಲ್ಲಿ ಬೆಂಕಿ ಹಚ್ಚಿರಲಿಲ್ಲ. ಆವತ್ತು ಹೆಂಗಸರನ್ನೆಲ್ಲ ಬರಹೇಳಿದ್ದು ಕೆಲಸಕ್ಕಲ್ಲ, ಹೆಬ್ಬೆಟ್ಟು ಒತ್ತುವುದಕ್ಕೆ. ತನಿಖೆಯ ಅಧಿಕಾರಿ ಬಂದು ಕುರ್ಚಿಯಲ್ಲಿ ಕೂತಿದ್ದರು. ಅವರ ಮುಂದಿನ ಮೇಜಿನ ಮೇಲೆ ಒಂದು ಹಾಳೆ, ಒಂದು ನೀಲಿ ಇಂಕಿನ ಡಬ್ಬಿ, ಎಳನೀರು.

ಸುನಂದ ರೂಢಿಯಂತೆ ಹೋಗಿ ತನ್ನ ಬೇಸಿನ್ನಿನ ಮುಂದೆ ಕೂತಳು. ನೂಲು ಬಿಚ್ಚದೆ ಬಿಟ್ಟ ಗೂಡುಗಳು ತಣ್ಣನೆಯ ನೀರಿನಲ್ಲಿ ಕಂದಿ ಹೋಗಿದ್ದವು. ಪಕ್ಕದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಸುನಂದಳಿಗೆ ವಾಸನೆ ಬರಲಿಲ್ಲ. ಬಾಯ್ಲರ್ ಒಡೆದ ದಿನದಿಂದ ಅವಳಿಗೆ ಹೀಗೇ. ಅಳು ಬಂದಿರಲಿಲ್ಲ. ಊಟ ಆಯ್ತಾ ಅಂತ ಯಾರಾದರೂ ಕೇಳಿದರೆ, ಆಯಿತೋ ಇಲ್ಲವೋ ಅಂತ ಯೋಚಿಸಬೇಕಾಗುತ್ತಿತ್ತು. ಮನೆಯಲ್ಲಿ ಟ್ರಂಕಿನ ಮೇಲೆ ಜೋಡಿಸಿದ ಪುಸ್ತಕಗಳಲ್ಲಿ ಒಂದನ್ನು ತೆಗೆದು ನೋಡಿದ್ದಳು. ಪದ ಪದವೂ ಓದಲಿಕ್ಕೆ ಬಂತು, ಕತೆ ಮಾತ್ರ ಒಳಗೆ ಇಳಿಯಲಿಲ್ಲ. ತೆಗೆದ ಕಡೆಯೇ ಇಟ್ಟಳು.

"ಸುನಂದಮ್ಮ, ಬಾರಮ್ಮ ಇಲ್ಲಿ," ಅಂದರು ಕೋದಂಡರಾಮಪ್ಪ. ಅವರ ದನಿ ಯಾವತ್ತಿನಂತೆ ಮೆತ್ತಗಿತ್ತು. "ಇದನ್ನ ನೀನೇ ಓದಿ ಹೇಳಿಬಿಡು ಎಲ್ರಿಗೂ. ನಿನ್ನಂಗೆ ಯಾರು ಓದ್ತಾರೆ. ಆಮೇಲೆ ಒಬ್ಬೊಬ್ರೇ ಬಂದು ಒತ್ತಿ ಮನೆಗೋಗ್ಲಿ."

ಅವರು ಹೇಳಿದ್ದು ನಿಜ. ಸುನಂದಳ ಹಾಗೆ ಓದುವವರು ಆ ರಸ್ತೆಯಲ್ಲೇ ಇರಲಿಲ್ಲ.

ಪಿಯುಸಿಗೆ ಓದು ನಿಂತರೂ ಪುಸ್ತಕದ ಹುಚ್ಚು ಅವಳನ್ನು ಬಿಟ್ಟಿರಲಿಲ್ಲ. ಬಟವಾಡೆ ಆದ ವಾರ ಕೋಲಾರದ ಬಸ್ ಸ್ಟ್ಯಾಂಡಿಗೆ ಹೋಗಿ, ಗೋಣಿಚೀಲದ ಮೇಲೆ ಹಳೇ ಪುಸ್ತಕ ಹರಡಿಕೊಂಡು ಕೂರುವವನ ಹತ್ತಿರ ಕುಕ್ಕರುಗಾಲಲ್ಲಿ ಕೂತರೆ ಎರಡು ಬಸ್ಸು ತಪ್ಪಿದರೂ ಏಳುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಕೊಲೆ, ಗ್ರಹ, ಮಾಟ, ಈ ಮೂರೇ. ಕಣ್ಣೀರಿನ ಸಂಸಾರದ ಕಾದಂಬರಿ ಕೈಗೆ ಕೊಟ್ಟರೆ ವಾಪಸ್ ಕೊಡುತ್ತಿದ್ದಳು. "ಇದು ಮನೇಲೇ ಐತಲ್ಲಣ್ಣ, ಕಾಸು ಕೊಟ್ಟು ಯಾಕೆ ಓದ್ಲಿ," ಅನ್ನುತ್ತಿದ್ದಳು.

ಫಿಲೇಚರಿನಲ್ಲಿ ಅದಕ್ಕೊಂದು ಪದ್ಧತಿ ಬೆಳೆದಿತ್ತು. ಮಧ್ಯಾಹ್ನ ಮುದ್ದೆ ಉಂಡಾದ ಮೇಲೆ ಸುನಂದಳ ಬೇಸಿನ್ನಿನ ಎಳೆಗಳನ್ನು ಅಕ್ಕಪಕ್ಕದವರು ಹಂಚಿಕೊಂಡು ನೋಡಿಕೊಳ್ಳುತ್ತಿದ್ದರು. ಅವಳು ಬೆಳಕು ಬೀಳುವ ಬಾಗಿಲ ಹತ್ತಿರ ಬುಟ್ಟಿ ಬೋರಲು ಹಾಕಿಕೊಂಡು ಕೂತು ಗಟ್ಟಿಯಾಗಿ ಓದುತ್ತಿದ್ದಳು. ಕೇಳುವವರ ಕೈ ಬಿಸಿನೀರಿನಲ್ಲಿ, ಕಿವಿ ಸುನಂದಳ ಕಡೆ. ಓದು ಶುರುವಾದ ಮೇಲೆ ಯಾರೂ ಎದ್ದು ಹೊರಗೆ ಹೋಗುತ್ತಿರಲಿಲ್ಲ. ನೂಲು ಹೆಚ್ಚು ಬೀಳುತ್ತಿತ್ತು. ಅದಕ್ಕೇ ಕೋದಂಡರಾಮಪ್ಪನವರೂ "ಓದಮ್ಮ, ಓದು" ಅನ್ನುತ್ತಿದ್ದರು.

ಬರೆದವರ ಹೆಸರು ಯಾರಿಗೂ ಬೇಕಿರಲಿಲ್ಲ. ಹೆಂಗಸರೇ ಹೆಸರಿಟ್ಟಿದ್ದರು. ಪತ್ತೇದಾರಿ ಬರೆಯುವವನು ಕೊಲೆಯಪ್ಪ. ಗ್ರಹ ನಕ್ಷತ್ರ ಬರೆಯುವವನು ಚುಕ್ಕಿಯಪ್ಪ. ಏಳು ಬೆಟ್ಟದಾಚೆಯ ರಾಣಿಯರನ್ನೂ ಮಾತಾಡುವ ತೋಳಗಳನ್ನೂ ಬರೆಯುವವಳು ಮಾಟದಮ್ಮ. ಇವರಲ್ಲಿ ಯಾರು ಮೇಲು ಅಂತ ದಿನಾ ಜಗಳ. ಮೆಹರ್ ಬಾನು ಕೊಲೆಯಪ್ಪನ ಪಕ್ಷ. ಅರ್ಧ ಕತೆಗೇ ಕೊಲೆಗಾರನನ್ನು ಹಿಡಿದುಬಿಡುತ್ತಿದ್ದಳು, ಹಿಡಿದದ್ದು ತಪ್ಪಾದರೆ ಬರೆದವನಿಗೇ ಬೈಯುತ್ತಿದ್ದಳು. ಸುನಂದಳ ಜೀವ ಚುಕ್ಕಿಯಪ್ಪನ ಮೇಲೆ. ಅವನದೊಂದು ಕತೆಯಲ್ಲಿ ಗಾಳಿಯೇ ಇಲ್ಲದ ಗ್ರಹ. ಅಲ್ಲಿ ಗಣಿ ತೋಡುವ ಕೂಲಿಯವರು ಉಸಿರಾಡುವ ಗಾಳಿಗೂ ಧಣಿಗೆ ಬಾಡಿಗೆ ಕಟ್ಟಬೇಕು. ಅದನ್ನು ಓದಿದ ದಿನ ಬಾಯ್ಲರಿಗೆ ಕಟ್ಟಿಗೆ ಹಾಕುವ ದೊಡ್ಡಮುನಿಯಮ್ಮ ಮಸಿ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಿಗೆ ಒರಗಿ ನಿಂತು, "ಅದೇಮ್ಮಾ ವಿಚಿತ್ರ? ಆಯಪ್ಪ ಆಕಾಶಕ್ಕೆ ಯಾಕೋದ? ನಮ್ ಶೆಡ್ಡಿಗೆ ಬಂದಿದ್ರೆ ಅಷ್ಟೂ ಇಲ್ಲೇ ಸಿಗ್ತಿತ್ತಲ್ಲ," ಅಂದಿದ್ದಳು. ಶೆಡ್ಡೆಲ್ಲ ನಕ್ಕಿತ್ತು.

ಇಂಥ ಪುಸ್ತಕವನ್ನು ದೊಡ್ಡ ಸಾಹಿತ್ಯದವರು ಕಾಲಹರಣ ಅನ್ನುತ್ತಾರೆ. ಹಗಲೆಲ್ಲ ಕುದಿನೀರಿನಲ್ಲಿ ಬೆರಳದ್ದಿ ಕೂತ ಹೆಂಗಸರ ಕಾಲವನ್ನು ಹರಣ ಮಾಡುತ್ತಿರುವವರು ಯಾರು ಅಂತ ಮಾತ್ರ ಅವರು ಕೇಳುವುದಿಲ್ಲ.

ಸುನಂದ ಎದ್ದು ಹೋಗಿ ಹಾಳೆ ತೆಗೆದುಕೊಂಡಳು. ಅದು ಮೊದಲೇ ಟೈಪಾಗಿ ಬಂದಿತ್ತು. ಅವಳು ಓದಿದಳು. ದನಿ ಎತ್ತಲೂ ಇಲ್ಲ, ಇಳಿಸಲೂ ಇಲ್ಲ.

"ಸದರಿ ದಿನ ಮೃತ ದೊಡ್ಡಮುನಿಯಮ್ಮ ಎಂಬುವವರು ಬಾಯ್ಲರಿನ ಉಸ್ತುವಾರಿ ಬಿಟ್ಟು, ಸಹ ಕೆಲಸಗಾರ್ತಿಯಾದ ಸುನಂದ ಎಂಬುವವರು ಓದುತ್ತಿದ್ದ ಪತ್ತೇದಾರಿ ಕಾದಂಬರಿಯನ್ನು ಕೇಳುವ ಸಲುವಾಗಿ ಬೇರೆ ಕಡೆ ಹೋಗಿದ್ದರಿಂದ, ಬಾಯ್ಲರಿನಲ್ಲಿ ನೀರು ಕಡಿಮೆಯಾಗಿ ಅವಘಡ ಸಂಭವಿಸಿರುತ್ತದೆ. ಇದರಲ್ಲಿ ಮಾಲೀಕರ ತಪ್ಪು ಏನೂ ಇರುವುದಿಲ್ಲ. ಓದಿಸಿ ಕೇಳಿ ಒಪ್ಪಿ ಹೆಬ್ಬೆಟ್ಟು ಗುರುತು ಹಾಕಿರುತ್ತೇವೆ."

ಓದು ಮುಗಿಯಿತು. ತನ್ನ ಹೆಸರು ಬಂದಾಗಲೂ ಅವಳಿಗೆ ಏನೂ ಆಗಲಿಲ್ಲ, ಬೇರೆ ಯಾರದೋ ಹೆಸರಿನ ಹಾಗೆ ಹೋಯಿತು. ಅರ್ಥ ಮಾತ್ರ ಆಗಿತ್ತು. ಈ ಹಾಳೆಗೆ ಬೆರಳು ಬಿದ್ದರೆ ದೊಡ್ಡಮುನಿಯಮ್ಮ ತನ್ನ ಸಾವನ್ನು ತಾನೇ ತಂದುಕೊಂಡವಳಾಗುತ್ತಾಳೆ. ಅವಳ ಮಗಳು ಚಂದನ ಯಾವ ಬಾಗಿಲು ಬಡಿದರೂ ನಿನ್ನ ತಾಯಿ ಕತೆ ಕೇಳಲಿಕ್ಕೆ ಹೋಗಿ ಸತ್ತಳು ಅನ್ನುತ್ತಾರೆ. ಕೊಂದದ್ದು ಪುಸ್ತಕ, ಓದಿದವಳು ಸುನಂದ.

"ಸರಿ, ಬನ್ನಿ ಒಬ್ಬೊಬ್ರೇ," ಅಂದರು ಅಧಿಕಾರಿ, ಇಂಕಿನ ಡಬ್ಬಿಯ ಮುಚ್ಚಳ ತೆಗೆಯುತ್ತಾ.

ಯಾರೂ ಏಳಲಿಲ್ಲ.

"ಸುನಂದಾ," ಅಂದಳು ಮೆಹರ್ ಬಾನು ತನ್ನ ಬೇಸಿನ್ನಿನಿಂದಲೇ. "ಇನ್ನೊಂದು ಸಲ ಓದು ಬೇಟಿ. ಎಲ್ಲೋ ಹೋಗಿದ್ಳು ಅಂತ ಬರ್ದವ್ರಲ್ಲ, ಅಲ್ಲಿಂದ."

ಸುನಂದ ಮತ್ತೆ ಓದಿದಳು. ಬೇರೆ ಕಡೆ ಹೋಗಿದ್ದರಿಂದ.

"ಬೇರೆ ಕಡೆ ಅಂದ್ರೆ ಎಲ್ಲಿಗೆ?"

"ನಾನು ಓದ್ತಿದ್ದ ಕಡೆಗೆ, ಆಪಾ. ಬಾಗ್ಲತ್ರ."

"ಬಾಗ್ಲತ್ರ ಬಂದಿದ್ರೆ ಸಾಯ್ತಿರ್ಲಿಲ್ವಲ್ಲ ಅವಳು," ಅಂದಳು ಮೆಹರ್ ಬಾನು. ಕತೆ ಕೇಳುವಾಗ ಅಡ್ಡ ಬಾಯಿ ಹಾಕುತ್ತಿದ್ದಳಲ್ಲ, ಅದೇ ದನಿ. "ಬಾಗ್ಲತ್ರ ನೀನಿದ್ದೆ. ನಿಂಗೊಂದು ಗೀರೂ ಬಿದ್ದಿಲ್ಲ. ಹಬೆ ಹೊಡೆದಿದ್ದು ಬಾಯ್ಲರ್ ಮುಂದೆ ಇದ್ದೋಳಿಗೆ. ಅವಳು ಅಲ್ಲೇ ಇದ್ಳು, ಅದಕ್ಕೇ ಹೋದ್ಳು. ಈ ಕತೆ ಕೂಡ್ತಾ ಇಲ್ಲ."

ಕೋದಂಡರಾಮಪ್ಪ ನಕ್ಕರು. "ಮೆಹರಮ್ಮ, ಇದು ನಿಮ್ ಕೊಲೆಯಪ್ಪನ ಪುಸ್ತಕ ಅಲ್ಲ."

"ಹೌದು ಸಾವ್ಕಾರ್ರೇ. ಆಯಪ್ಪ ಇಷ್ಟು ಕೆಟ್ಟದಾಗಿ ಬರೆಯಲ್ಲ."

ಯಾರೋ ಮೂಗಿನಲ್ಲಿ ನಕ್ಕು ಸುಮ್ಮನಾದರು. ಅಧಿಕಾರಿ ತಲೆ ಎತ್ತಿದರು. "ಬಂದು ಕತೆ ಕೇಳಿ, ಶಬ್ದ ಆಯ್ತು ಅಂತ ವಾಪಸ್ ಓಡಿ ಹೋಗಿರಬಹುದಲ್ಲಮ್ಮ."

"ಇಲ್ಲ ಸಾರ್," ಅಂದಳು ಕೊನೆಯ ಬೇಸಿನ್ನಿನ ಅಲ್ಫಿಯಾ. ಅವಳು ಸಾಮಾನ್ಯವಾಗಿ ಮಾತಾಡುವವಳಲ್ಲ. ಈಗಲೂ ನೀರು ನೋಡಿಕೊಂಡೇ ಹೇಳಿದಳು. "ನನ್ ಜಾಗದಿಂದ ಬಾಯ್ಲರ್ ಕಾಣ್ತದೆ. ಮುನಿಯಮ್ಮಕ್ಕ ಕಟ್ಟಿಗೆ ನೂಕ್ತಾ ಇದ್ರು. ಅಲ್ಲಿಂದ್ಲೇ ಗಟ್ಟಿಗಾ ಚದುವಮ್ಮಾ ಅಂತ ಕೂಗಿದ್ರು. ಜೋರಾಗಿ ಓದು ಅಂತ. ಆಮೇಲೇ ಒಡ್ದಿದ್ದು."

ಸುನಂದಳಿಗೂ ಅದು ಕೇಳಿಸಿತ್ತು. ಚುಕ್ಕಿಯಪ್ಪನ ಹೊಸ ಕತೆ. ಆಕಾಶನೌಕೆಯೊಳಗೆ ಅಡುಗೆಯವನು ಸತ್ತು ಬಿದ್ದಿದ್ದಾನೆ, ಬಾಗಿಲು ಒಳಗಿನಿಂದ ಹಾಕಿದೆ. ಚುಕ್ಕಿಯಪ್ಪ ಕೊಲೆಯಪ್ಪನ ಹೊಲಕ್ಕೆ ನುಗ್ಗಿದ್ದಾನೆ ಅಂತ ಶೆಡ್ಡಿಗೆ ಶೆಡ್ಡೇ ಕಿವಿಯಾಗಿತ್ತು. ಅವಳು ದನಿ ಏರಿಸಿದ್ದಳು. ಅರ್ಧ ವಾಕ್ಯ ಬಾಯಲ್ಲಿತ್ತು. ಆಮೇಲೆ ಬಿಳೀ ಹಬೆ, ತಗಡು ಹರಿದ ಸದ್ದು. ಬಾಕಿ ಅರ್ಧ ವಾಕ್ಯ ಏನಿತ್ತು ಅಂತ ಅವಳು ನೋಡಿರಲಿಲ್ಲ.

"ಅಲ್ಲಿಂದ ಕೂಗಿದ್ಳು ಅಂದ್ರೆ," ಮೆಹರ್ ಬಾನು ಎಳೆ ಬಿಡಲಿಲ್ಲ, "ಅಲ್ಲಿಗೇ ಕತೆ ಕೇಳಿಸ್ತಿತ್ತು. ಮುಂಚೆ ಕೇಳಿಸ್ತಿರ್ಲಿಲ್ಲ. ಸೀಟಿ ಇತ್ತು. ಅದಕ್ಕೇ ಎದ್ದೆದ್ದು ಬಾಗ್ಲಿಗೆ ಬರೋಳು ಪಾಪ."

ಅಧಿಕಾರಿ ಎಳನೀರು ಕೆಳಗಿಟ್ಟರು.

"ಯಾವ ಸೀಟಿ?"

ಎಲ್ಲರಿಗೂ ಗೊತ್ತಿತ್ತು. ಹಬೆ ಹೆಚ್ಚಾದಾಗ ಬಾಯ್ಲರಿನ ನೆತ್ತಿಯ ಮೇಲಿನ ವಾಲ್ವು ತಾನೇ ತೆರೆದುಕೊಂಡು ಸಿಳ್ಳೆ ಹಾಕುತ್ತಿತ್ತು. ಹೆಚ್ಚಿನ ಹಬೆ ಹೊರಗೆ ಹೋಗುತ್ತಿತ್ತು. ಹೊರಗೆ ಹೋಗುವ ಹಬೆ ಅಂದರೆ ಸುಮ್ಮನೆ ಉರಿದುಹೋಗುವ ಕಟ್ಟಿಗೆ. ಅದು ಕೋದಂಡರಾಮಪ್ಪನವರ ಹೊಟ್ಟೆಗೆ ಬೀಳುವ ಬೆಂಕಿ. ಒಂದು ದಿನ ಏಣಿ ಹಾಕಿಸಿ, ತಾವೇ ನಿಂತು, ಆ ವಾಲ್ವು ತೆರೆಯದಂತೆ ಬಿಗಿಯಾಗಿ ತಂತಿ ಸುತ್ತಿಸಿದ್ದರು. ಆಮೇಲೆ ಹೆಂಗಸರ ಕಡೆ ತಿರುಗಿ, "ಇನ್ಮೇಲೆ ನಿಮ್ ಕತೆಗೆ ಅಡ್ಡಿ ಇಲ್ಲಮ್ಮ, ಹಾಯಾಗಿ ಕೇಳಿ," ಅಂದಿದ್ದರು.

"ಅವ್ರೇ ಕೇಳಿದ್ದು ಸಾರ್," ಅಂದರು ಕೋದಂಡರಾಮಪ್ಪ ಈಗ. ದನಿ ಇನ್ನೂ ಮೆತ್ತಗೇ ಇತ್ತು. "ಸೀಟಿ ಗಲಾಟೆ, ಕತೆ ಕೇಳ್ಸಲ್ಲ ಅಂತ. ಹೆಣ್ಮಕ್ಳು ಅಂತ ನಾನು ಮಾತು ನಡೆಸಿಕೊಟ್ಟೆ. ಸುನಂದಮ್ಮನ್ನೇ ಕೇಳಿ ಬೇಕಾದ್ರೆ."

ಎಲ್ಲರೂ ಸುನಂದಳನ್ನು ನೋಡಿದರು. ಮೆಹರ್ ಬಾನು ಮಾತ್ರ ನೋಡಲಿಲ್ಲ.

ಸುನಂದ ಹಾಳೆ ಹಿಡಿದುಕೊಂಡೇ ನಿಂತಿದ್ದಳು. ಪುಸ್ತಕದಲ್ಲಾದರೆ ಒಂದು ಕುರ್ಚಿ ಜರುಗಿದ್ದರೂ, ಒಂದು ಗಡಿಯಾರ ನಿಂತಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಕೊಲೆಯಪ್ಪ ಎಲ್ಲಿ ಏನು ಬಚ್ಚಿಟ್ಟರೂ ಬೆರಳಿಟ್ಟು ತೋರಿಸುತ್ತಿದ್ದಳು. ಇಲ್ಲಿ ತಲೆಯ ಮೇಲೆ ಕೂಗುತ್ತಿದ್ದದ್ದು ನಿಂತಿತ್ತು, ಅವಳು ಪುಟ ತಿರುವಿದ್ದಳು. ಈ ಯೋಚನೆ ಬಂದಾಗ ಎದೆ ಹಿಂಡಬೇಕಿತ್ತು. ಹಿಂಡಲಿಲ್ಲ. ಇಲ್ಲ ಸಾರ್, ನಾವು ಕೇಳೇ ಇಲ್ಲ ಅಂದರೆ ಮುಗಿಯುತ್ತಿತ್ತು, ಅದರಲ್ಲಿ ಸುಳ್ಳೂ ಇರಲಿಲ್ಲ. ಪೂರ್ತಿ ನಿಜವೂ ಇರಲಿಲ್ಲ.

"ಕೇಳಿರ್ಲಿಲ್ಲ ಸಾರ್," ಅಂದಳು. "ಏನ್ ಸೀಟಿ ಇದು ಅಂತ ನಮ್ಮೊಳಗೆ ನಾವು ಬೈಕೊಂಡಿದ್ವಿ, ಅದು ನಿಜ. ತಂತಿ ಕಟ್ಟಿ ಅಂತ ಯಾರೂ ಹೇಳಿಲ್ಲ. ಸಾವ್ಕಾರ್ರೇ ಏಣಿ ಹಾಕ್ಸಿ ಕಟ್ಸಿದ್ರು. ಹಬೆ ದಂಡ ಆಗ್ತದೆ ಅಂತ ಮುಂಚೆಯಿಂದ್ಲೂ ಅಂತಿದ್ರು."

"ಆಮೇಲೆ?"

"ಆಮೇಲೆ ನಾವು ಚಪ್ಪಾಳೆ ಹೊಡೆದ್ವಿ ಸಾರ್. ಮುನಿಯಮ್ಮಕ್ಕನೂ ಹೊಡೆದ್ರು. ಇನ್ನು ಇಲ್ಲೇ ನಿಂತು ಕೇಳ್ಬೋದು, ಅಲ್ಲಿಗೆ ಓಡಾಡೋದು ತಪ್ತು ಅಂದ್ರು. ಅದನ್ನೂ ಬರ್ಕೊಳ್ಳಿ."

ಅಧಿಕಾರಿ ಅವಳ ಮುಖ ನೋಡಿದರು. "ಅದ್ಯಾಕಮ್ಮ? ನಿಂಗೇ ತೊಂದ್ರೆ."

"ಇರ್ಲಿ ಸಾರ್. ಅದು ಬಿಟ್ರೆ ಅವ್ರು ಅಲ್ಲೇ ಯಾಕಿದ್ರು ಅನ್ನೋದು ಗೊತ್ತಾಗಲ್ಲ."

"ಏಯ್ ಸುನಂದಮ್ಮ," ಅಂದರು ಕೋದಂಡರಾಮಪ್ಪ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವರ ದನಿ ಒರಟಾಯಿತು. "ನಾಳೆ ಬೆಂಕಿ ಹಚ್ಚಿದ್ರೆ ನಿಮ್ ಬೇಸಿನ್ನಲ್ಲಿ ನೀವು ಕೂರ್ಬೇಕೋ ಬೇಡ್ವೋ? ಎಲ್ರಿಗೂ ಹೇಳ್ತಿದೀನಿ."

ಒಂದಿಬ್ಬರು ತಲೆ ತಗ್ಗಿಸಿದರು. ಒಬ್ಬಳು ಚೀಲ ತೆಗೆದುಕೊಂಡು ಯಾರನ್ನೂ ನೋಡದೆ ಹೊರಗೆ ಹೋದಳು. ಅವಳಿಗೆ ಮೂವರು ಮಕ್ಕಳು.

"ನಕ್ಕೋ, ಬೇಡ ಸಾವ್ಕಾರ್ರೇ," ಅಂದಳು ಮೆಹರ್ ಬಾನು, ಏಳುತ್ತಾ. "ನಿಮ್ ಬೆಂಕಿ ನೀವೇ ಇಟ್ಕೊಳ್ಳಿ. ಸುನಂದಾ, ನಿಧಾನಕ್ಕೆ ಹೇಳು, ಸಾಹೇಬ್ರು ಬರೀಬೇಕಲ್ಲ."

ಅಧಿಕಾರಿ ಒಳ್ಳೆಯವರೂ ಅಲ್ಲ, ಕೆಟ್ಟವರೂ ಅಲ್ಲ. ಟೈಪಾಗಿ ಬಂದದ್ದಕ್ಕೆ ಗುರುತು ಹಾಕಿಸಿಕೊಂಡು ಹೋಗಲಿಕ್ಕೆ ಬಂದವರು. ಇಷ್ಟು ಕಿವಿಗಳ ಮುಂದೆ ಸೀಟಿಯ ಮಾತು ಬಿದ್ದ ಮೇಲೆ ಅದು ಕೇಳಿಸಲೇ ಇಲ್ಲ ಅನ್ನಲಿಕ್ಕೆ ಅವರಿಗೂ ದಾರಿ ಕಾಣಲಿಲ್ಲ. ಬ್ಯಾಗಿನಿಂದ ಒಂದು ಖಾಲಿ ಹಾಳೆ ತೆಗೆದರು.

ಸುನಂದ ಹೇಳಿದಳು, ಅವರು ಬರೆದರು. ತಂತಿ, ಏಣಿ, ಕಟ್ಟಿಗೆ, ಚಪ್ಪಾಳೆ. ಅವಳ ದನಿ ಎಲ್ಲಿಯೂ ನಡುಗಲಿಲ್ಲ, ಅದು ಧೈರ್ಯವೂ ಆಗಿರಲಿಲ್ಲ. ಬರೆದು ಮುಗಿದ ಮೇಲೆ ಹಾಳೆಯನ್ನು ಅವಳ ಕಡೆ ನೂಕಿದರು. ಹೆಂಗಸರು ಬೇಸಿನ್ನುಗಳ ನಡುವೆಯೇ ನಿಂತು ಕೇಳಿದರು. ಗಟ್ಟಿಗಾ ಅಂತ ಯಾರೂ ಕೂಗಲಿಲ್ಲ. ಆದರೂ ಅವಳು ಬಾಯ್ಲರ್ ಇದ್ದ ಮೂಲೆಗೂ ಕೇಳುವ ಹಾಗೆ ಓದಿದಳು.

ಮೆಹರ್ ಬಾನು ಮೊದಲು ಹೋದಳು. ಹೆಬ್ಬೆರಳನ್ನು ಇಂಕಿಗೆ ಅದ್ದಿ ಒತ್ತಿದಳು. ಹಾಳೆಯ ಮೇಲೆ ನೀಲಿ ಮಚ್ಚೆ ಬಿತ್ತು, ಗೆರೆ ಬೀಳಲಿಲ್ಲ.

"ಸರಿಯಾಗಿ ಒತ್ತಮ್ಮ," ಅಂದರು ಅಧಿಕಾರಿ.

ಮತ್ತೆ ಒತ್ತಿದಳು. ಮತ್ತೆ ಬರೀ ಮಚ್ಚೆ. ಅಲ್ಫಿಯಾಳದ್ದೂ ಹಾಗೇ. ಅವಳ ಹಿಂದಿನವಳದ್ದೂ ಹಾಗೇ. ಕುದಿನೀರಿನಲ್ಲಿ ಬೆಂದ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ.

"ಇದನ್ನ ಯಾರದ್ದು ಅಂತ ಒಪ್ಪೋದಮ್ಮ?" ಅಂದರು ಅವರು.

ಸುನಂದ ಅವರ ಕೈಯಿಂದ ಪೆನ್ನು ತೆಗೆದುಕೊಂಡಳು. ಒಂದೊಂದು ಮಚ್ಚೆಯ ಪಕ್ಕದಲ್ಲೂ ಅದು ಯಾರದ್ದೋ ಅವರ ಹೆಸರು ಬರೆಯುತ್ತಾ ಹೋದಳು.