ಒಂದೇ ಒಲೆಯ ಮನೆ

ಅರಬ್ ನಾಡಿನ ಸೂರ್ ಪಟ್ಟಣದ ಗ್ಯಾಸ್ ಪ್ಲಾಂಟಿನಲ್ಲಿ ಸೆಕ್ರೆಟರಿಯಾಗಿದ್ದ ಉಡುಪಿಯ ಓಲಿವಿಯಾಗೆ ಇಂಗ್ಲಿಷ್ ಇಂಜಿನಿಯರ್ ಸ್ಕೆಲ್ಟನ್ ಒಂದು ಜೆರಾಕ್ಸ್ ಕಟ್ಟು ಕೊಟ್ಟಿದ್ದರು. 1664ರಲ್ಲಿ ಅವರ ಹಳ್ಳಿಯಲ್ಲಿ ಮನೆಮನೆಯ ಒಲೆ ಎಣಿಸಿ ಹಾಕಿದ ತೆರಿಗೆಯ ಪಟ್ಟಿ ಅದು. ತೆರಿಗೆ ಕಟ್ಟಿದವರಲ್ಲಿ ತಮ್ಮ ವಂಶದ ಹೆಸರು ಸಿಗದೆ ಅವರು ಹುಡುಕುವುದನ್ನೇ ಬಿಟ್ಟಿದ್ದರು. ಪಟ್ಟಿಯನ್ನು ಟೈಪ್ ಮಾಡುತ್ತಾ ಕೊನೆಯ ಪುಟಕ್ಕೆ ಬಂದ ಓಲಿವಿಯಾ ಒಂದು ಸಾಲಿನ ಬಳಿ ಟೈಪ್ ಮಾಡುವುದನ್ನು ನಿಲ್ಲಿಸಿದಳು. ಬಡವರೆಂದು ತೆರಿಗೆಯಿಂದ ವಿನಾಯಿತಿ ಪಡೆದವರ ಹೆಸರುಗಳು ಅಲ್ಲಿದ್ದವು.

“ಬಸವಂತಣ್ಣ, ಇದು ನನಗೆ ಕಂಡ ಹಾಗೇ ನಿಮಗೂ ಕಾಣ್ತದಾ ನೋಡಿ.”

ಪಕ್ಕದ ಮೇಜಿನ ಬಸವಂತ ಕನ್ನಡಕ ಏರಿಸಿದ. “ವಿಧವಿ ಸ್ಕೆಲ್ಟನ್, ಒಂದ ಒಲಿ ಅಂತ ಐತಲ್ರಿ.”

ಓಲಿವಿಯಾ ಕಾಗದ ಹಿಡಿದು ಓಡಿದಳು. ಸ್ಕೆಲ್ಟನ್ ಆ ಸಾಲನ್ನು ಮೂರು ಸಲ ಓದಿದರು. ಆಮೇಲೆ ಮೀಟಿಂಗಿಗೆ ಕಾದಿದ್ದವರನ್ನೆಲ್ಲ ಒಳಗೆ ಕರೆದು, ಆ ಸಾಲಿನ ಮೇಲೆ ಬೆರಳಿಟ್ಟು ತಮ್ಮ ವಂಶದ ಹಿರಿಯಜ್ಜಿಯನ್ನು ಪರಿಚಯಿಸಿದರು.