ಇಪ್ಪತ್ತು ಡೆಸಿಬಲ್

ಕೆಲಸದ ಜಾಗದಲ್ಲಿ ಅವಳನ್ನು ಎಲ್ಲರೂ ಡೆಸಿಬಲಮ್ಮ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು; ಅವಳಿಗೂ ಒಳಗೊಳಗೇ ಖುಷಿ. ಧ್ವನಿ ಯಂತ್ರಗಳನ್ನು ಪರೀಕ್ಷಿಸಿ, ಸರಿಮಾಡಿ, ಸಹಿ ಹಾಕಿದ ಚೀಟಿ ಅಂಟಿಸಿ ಕಳಿಸುವ ಆ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವಳು. ಮನೆಯಲ್ಲಿ ಮಿಕ್ಸಿ ತಿರುಗಿದರೆ "ಎಂಬತ್ತೆರಡು" ಅನ್ನುವಳು. ಅಳಿಯ ಗೊರಕೆ ಹೊಡೆದರೆ ಅದಕ್ಕೂ ಒಂದು ಅಂಕಿ. ತನ್ನ ಸಹಿ ಬಿದ್ದ ಯಂತ್ರ ಸುಳ್ಳು ಹೇಳುವುದಿಲ್ಲ ಎಂಬ ಹೆಮ್ಮೆ ನೆತ್ತಿಗೇರಿತ್ತು. ಏರಲಿ ಬಿಡಿ, ಕೆಲಸ ಬಲ್ಲವರಿಗೆ ಅಷ್ಟೂ ಬೇಡವೇ? ಆದರೆ ಆ ಹೆಮ್ಮೆಯನ್ನು ಮಗಳ ಮನೆಗೂ ಹೊತ್ತುಕೊಂಡು ಹೋದಳಲ್ಲ, ಎಡವಟ್ಟಾದದ್ದು ಅಲ್ಲಿ.

ಆ ಬೆಳಿಗ್ಗೆ ಬೆಂಚಿನ ಮೇಲಿದ್ದುದು ಮಕ್ಕಳ ಆಸ್ಪತ್ರೆಯ ಕಿವಿ ಪರೀಕ್ಷೆಯ ಯಂತ್ರ. ಮಗುವಿನ ಕಿವಿಗೆ ಹೆಡ್‌ಫೋನ್ ಹಾಕಿ, ಎಷ್ಟು ಮೆಲ್ಲನೆಯ ಸದ್ದು ಅದಕ್ಕೆ ಕೇಳಿಸುತ್ತದೆ ಎಂದು ನೋಡುವ ಪೆಟ್ಟಿಗೆ. ವರ್ಷಕ್ಕೊಮ್ಮೆ ತಪಾಸಣೆಗೆ ಬರಬೇಕು, ಬಂದಿತ್ತು. ಹೆಡ್‌ಫೋನನ್ನು ಮೈಕಿನ ಮೇಲೆ ಕೂರಿಸಿ, ತಿರುಗಣೆಯನ್ನು ಐವತ್ತಕ್ಕೆ ಇಟ್ಟಳು. ಮೀಟರು ಎಪ್ಪತ್ತು ತೋರಿಸಿತು.

"ಏನಾಯ್ತು ನಿಂಗೆ, ಬೆಳಿಗ್ಗೆ ಬೆಳಿಗ್ಗೆ?" ಎಂದು ಮೀಟರನ್ನೇ ಗದರಿದಳು. ಬೇರೆ ಮೀಟರು ತಂದಳು. ಅದೂ ಎಪ್ಪತ್ತೇ ಅಂದಿತು. ಅರವತ್ತಕ್ಕೆ ತಿರುಗಿಸಿದರೆ ಎಂಬತ್ತು. ಎಲ್ಲಿಗೆ ತಿರುಗಿಸಿದರೂ ಸರಿಯಾಗಿ ಇಪ್ಪತ್ತು ಹೆಚ್ಚು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಯಂತ್ರ ತಾನಾಗಿ ಕೆಟ್ಟರೆ ಇಷ್ಟು ಅಚ್ಚುಕಟ್ಟಾಗಿ ಕೆಡುವುದಿಲ್ಲ. ಅದಕ್ಕೆ ಮನುಷ್ಯರ ಕೈಯೇ ಬೇಕು.

ಹೋದ ವರ್ಷದ ರಿಜಿಸ್ಟರ್ ತೆಗೆದಳು. ಆ ದಿನ ಅವಳ ಮೀಟರೂ, ಅದನ್ನು ಹೊಂದಿಸುವ ಡಬ್ಬಿಯೂ ದುರಸ್ತಿಗೆ ಹೋಗಿದ್ದವು. ಬೀರುವಿನಲ್ಲಿದ್ದ ಬದಲಿ ಜೋಡಿಯನ್ನು ಬಳಸಿದ್ದಳು. ಡಬ್ಬಿ ಎಂದರೆ ಮುಷ್ಟಿಯಲ್ಲಿ ಹಿಡಿಯುವಷ್ಟು. ಗುಂಡಿ ಒತ್ತಿದರೆ ತೊಂಬತ್ನಾಲ್ಕು ಡೆಸಿಬಲ್ ಕೂಗುತ್ತದೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಅದರ ಬಾಯಿಗೆ ಮೀಟರಿನ ಮೈಕು ಸಿಕ್ಕಿಸಿ, ಮೀಟರನ್ನು ತೊಂಬತ್ನಾಲ್ಕಕ್ಕೆ ತಂದ ಮೇಲೆಯೇ ಮಿಕ್ಕ ಕೆಲಸ.

ಬೀರುವಿನಿಂದ ಆ ಬದಲಿ ಡಬ್ಬಿ ತಂದಳು. ಕೈ ತನ್ನ ಪಾಡಿಗೆ ಒಮ್ಮೆ ಒತ್ತಿತು. ಮೀಟರಿನಲ್ಲಿ ನೂರಾ ಹದಿನಾಲ್ಕು. ಮತ್ತೊಮ್ಮೆ ಒತ್ತಿದಳು. ತೊಂಬತ್ನಾಲ್ಕು.

ಎರಡು ಡಬ್ಬಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ತನ್ನ ಡಬ್ಬಿಗೆ ಒಂದು ಒತ್ತು ಸಾಕು, ಈ ದರಿದ್ರದ್ದಕ್ಕೆ ಎರಡು ಬೇಕು! ಇಪ್ಪತ್ತೆರಡು ವರ್ಷದಿಂದ ಒಂದೇ ಸಲ ಒತ್ತಿ ರೂಢಿಯಾದ ಬೆರಳು ಅವತ್ತೂ ಒಂದೇ ಸಲ ಒತ್ತಿತ್ತು. ಮೀಟರು ಇಪ್ಪತ್ತು ಹೆಚ್ಚು ತೋರಿಸಿದಾಗ, "ಮೂಲೆ ಸೇರಿದ ಮೀಟರು, ಇನ್ನೇನಾಗತ್ತೆ" ಎಂದುಕೊಂಡು ಇಳಿಸಿದ್ದಳು. ಆಮೇಲೆ ಆ ಮೀಟರಿನಲ್ಲಿ ಈ ಯಂತ್ರದ ಸದ್ದು ಇಪ್ಪತ್ತು ಕಡಿಮೆ ಕಂಡಾಗ, "ಹೊಸ ಹೆಡ್‌ಫೋನು, ಸದ್ದು ಬಡಕಲು" ಎಂದುಕೊಂಡು ಏರಿಸಿದ್ದಳು. ಎರಡಕ್ಕೂ ಒಂದೊಂದು ನೆಪ ರೆಡಿ ಇತ್ತು. ಹೊಸಬರಾಗಿದ್ದರೆ ಗಾಬರಿಯಾಗಿ ಯಾರನ್ನಾದರೂ ಕೇಳುತ್ತಿದ್ದರು. ಇವಳು ಯಾರನ್ನು ಕೇಳಬೇಕು? ಇವಳೇ ಡೆಸಿಬಲಮ್ಮ!

ಹೀಗೆ ಒಂದು ವರ್ಷ ಪೂರ್ತಿ ಆ ಯಂತ್ರ ಮಕ್ಕಳ ಕಿವಿಗೆ ಇಪ್ಪತ್ತು ಡೆಸಿಬಲ್ ಜೋರಾಗಿ ಕೂಗಿ, ಮೆಲ್ಲಗೆ ಕೂಗಿದೆ ಎಂದು ಕಾಗದದ ಮೇಲೆ ಬರೆದಿತ್ತು. ಕಿವಿ ಮಂದವಿದ್ದ ಮಗುವೂ ಅದರ ಮುಂದೆ ಪಾಸು.

ಆ ಮಕ್ಕಳಲ್ಲಿ ಒಂದು ಅವಳ ಮೊಮ್ಮಗಳು.

ಕೂಗಿದರೆ ತಿರುಗುವುದಿಲ್ಲ, ಮಾತು ತೊದಲುತ್ತದೆ ಎಂದು ಮಗಳು ಅಳುಮೋರೆ ಹಾಕಿದಾಗ ಆಸ್ಪತ್ರೆಗೆ ಕರೆದುಕೊಂಡು ಹೋದವಳು ಇವಳೇ. ಯಂತ್ರದ ಬೆನ್ನಿಗೆ ತನ್ನದೇ ಸಹಿ ಕಂಡು ಬೀಗಿದ್ದಳು. ಫಲಿತಾಂಶ: ಕಿವಿ ಸರಿಯಿದೆ. ಮಗಳಿಗೆ ಸಮಾಧಾನವಾಗಿರಲಿಲ್ಲ, ಬೇರೆ ಕಡೆ ತೋರಿಸೋಣ ಎಂದು ಎರಡು ಮೂರು ಸಲ ಗೋಗರೆದಿದ್ದಳು. ಪ್ರತಿ ಸಲವೂ ಇವಳು ಕಡ್ಡಿ ಮುರಿದಂತೆ ಹೇಳಿದ್ದಳು: "ಕಿವಿಗೇನೂ ಆಗಿಲ್ಲ. ಹಠ ಅದು. ನೀನು ಮುದ್ದು ಮಾಡಿದ್ದು ಹೆಚ್ಚಾಯ್ತು."

ಲ್ಯಾಬಿನ ಮಾಲೀಕ ಕೇಳಿ ಬೆವರು ಒರೆಸಿಕೊಂಡ. "ಅಮ್ಮಾ, ಸದ್ದಿಲ್ಲದೆ ಸರಿ ಮಾಡಿ ಕಳಿಸಿಬಿಡಿ. ಯಾರಿಗೆ ಗೊತ್ತಾಗತ್ತೆ?"

"ನಂಗೆ ಗೊತ್ತಾಯ್ತಲ್ಲ," ಎಂದಳು. ಅವನ ಮೇಜಿನ ಫೋನನ್ನೇ ಎತ್ತಿ ಆಸ್ಪತ್ರೆಗೆ ಮಾಡಿ, ಯಂತ್ರದ ನಂಬರು, ತಾರೀಖು, ತಪ್ಪು, ತನ್ನ ಹೆಸರು, ಎಲ್ಲ ಹೇಳಿದಳು. ಆ ವರ್ಷ ಪರೀಕ್ಷಿಸಿದ ಎಲ್ಲ ಮಕ್ಕಳನ್ನೂ ಮತ್ತೆ ಕರೆಸಿ ಎಂದಳು. ಅಷ್ಟು ಹೊತ್ತು ಸ್ವರ ಅಲುಗಲಿಲ್ಲ. ಫೋನ್ ಇಟ್ಟ ಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಹೊರಗಿನವರಿಗೆ ಹೇಳುವುದೇನು ಮಹಾ; ಮಗಳಿಗೆ ಹೇಳಬೇಕಿತ್ತು.

ಮಗಳು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಇವಳು ಸುತ್ತಿ ಬಳಸಲಿಲ್ಲ. "ಯಂತ್ರ ತಪ್ಪು ಹೇಳ್ತು ಕಣೆ. ತಪ್ಪು ಮಾಡಿದ್ದು ನಾನು. ಮಗೂಗೆ ಕಿವಿ ಕೇಳಿಸ್ತಿಲ್ಲ ಅಂತ ಕಾಣತ್ತೆ. ನೀನು ಹೇಳಿದ್ದೇ ಸರಿ ಇತ್ತು."

ಬೈಯಲಿ, ಕೂಗಾಡಲಿ, ಮನೆಯಿಂದ ಹೊರಗೆ ಹಾಕಲಿ ಎಂದು ಸಿದ್ಧಳಾಗಿಯೇ ಬಂದಿದ್ದಳು. ಮಗಳು ಯಾವುದನ್ನೂ ಮಾಡಲಿಲ್ಲ. ಒದ್ದೆ ಟವೆಲನ್ನು ಕೈಯಲ್ಲಿ ಹಿಡಿದುಕೊಂಡೇ ಇವಳ ಕಡೆ ತಿರುಗಿದಳು.

"ಅಮ್ಮಾ, ಅವಳನ್ನ ಹಿಂದಿನ ಬೆಂಚಿಗೆ ಹಾಕಿಸಿದ್ದು ನಾನೇ," ಎಂದಳು. "ಟೀಚರ್ ಮುಂದೆ ಕೂರಿಸ್ತೀನಿ ಅಂದ್ರು. ಕಿವಿ ಸರಿ ಇದೆ, ಹಠ ಬಿಡೋ ತನಕ ಹಿಂದೇನೇ ಕೂರ್ಲಿ ಅಂದೆ. ಆಸ್ಪತ್ರೆ ಕಾಗದ ತೋರಿಸಿದೆ ಅಮ್ಮಾ, ನೀನು ಕೊಡಿಸಿದ್ದ ಕಾಗದ."

ಟವೆಲು ಅಲ್ಲೇ ಬಿತ್ತು. ಮಗಳು ಚಪ್ಪಲಿ ಮೆಟ್ಟಿ ಓಡಿದಳು. ಇವಳು ಏದುಸಿರು ಬಿಡುತ್ತ ಹಿಂದೆ. ಶಾಲೆ ಎರಡು ಬೀದಿ ಆಚೆ; ಆ ಎರಡು ಬೀದಿ ಮುಗಿಯುವಷ್ಟರಲ್ಲಿ ಇವಳಿಗೆ ಜೀವ ಬಾಯಿಗೆ ಬಂದಿತ್ತು.

ಒಂದನೇ ತರಗತಿಯ ಕಿಟಕಿ ತೆರೆದಿತ್ತು. ಮಗಳು ಸರಳು ಹಿಡಿದು ನಿಂತುಬಿಟ್ಟಿದ್ದಳು, ಒಳಗೆ ಹೋಗಿರಲಿಲ್ಲ. ಇವಳೂ ಪಕ್ಕ ಹೋಗಿ ನಿಂತು ಇಣುಕಿದಳು. ಕಡೆಯ ಬೆಂಚಿನಲ್ಲಿ, ಗೋಡೆಗೆ ಒತ್ತಿಕೊಂಡು, ಮೊಮ್ಮಗಳು ಕೈಕಟ್ಟಿ ನೆಟ್ಟಗೆ ಕೂತಿತ್ತು. ಎಷ್ಟು ಜಾಣ ಮಗುವಿನ ಹಾಗೆ ಕೂತಿತ್ತು! ಟೀಚರು ಬೋರ್ಡಿನ ಕಡೆ ತಿರುಗಿ ಬರೆಯುತ್ತಲೇ ಏನೋ ತಮಾಷೆ ಹೇಳಿದರು.

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಮೊಮ್ಮಗಳು ಎಡಕ್ಕೆ ನೋಡಿತು, ಬಲಕ್ಕೆ ನೋಡಿತು. ಆಮೇಲೆ ತಾನೂ ನಕ್ಕಿತು.