ಮಡುವಿನ ಮೀನು ಆಡುತ್ತಿರಲಿಲ್ಲ

"ಇವನ ಕೈಗೆ ಬಲೆ ಬೇಡ, ಬಳೆ ತೊಡಿಸ್ರೋ!"

ಬಲೆಗಾರ ಹೀಗೆ ಕೂಗಿದಾಗ ದೋಣಿಕಟ್ಟೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಬೈಸಿಕೊಂಡವನು ಅವನ ಭಾಮೈದ, ದೋಣಿ ರಿಪೇರಿಯವನು. ಅವನು ಹೇಳಿದ್ದು ಇಷ್ಟೇ: "ಮಳೆ ಬರೋವರೆಗೂ ಮಡುವಿಗೆ ಯಾರೂ ಇಳೀಬೇಡಿ."

ನಮ್ಮ ಕೆರೆ ಆಚೆ ದಡ ಕಾಣದಷ್ಟು ದೊಡ್ಡದು. ಆದರೆ ಒಳ್ಳೆಯ ವರ್ಷದಲ್ಲೂ ನೀರು ಎದೆಮಟ್ಟ ದಾಟದು. ಮಳೆ ಕೈಕೊಟ್ಟ ಆ ವರ್ಷ ನಡುವಿನ ಮಡುವಿನಲ್ಲಷ್ಟೇ ನೀರು ಉಳಿದಿತ್ತು, ಅದೂ ಬಣ್ಣದ ಡಬ್ಬಿ ಸುರಿದಂಥ ಹಸಿರು. ಬೆಳಗಾದರೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನಮ್ಮವರು ಅದಕ್ಕೆ 'ಆಟ' ಎನ್ನುತ್ತಾರೆ. ಮೀನು ಆಡ್ತಿದೆ ಅಂದರೆ ಬಲೆ ತಾ ಎಂದರ್ಥ.

"ಆಟ ಅಲ್ಲ ಭಾವ, ಒದ್ದಾಟ. ಕಾದ ನೀರಲ್ಲಿ ಉಸಿರಾಡೋ ಗಾಳಿ ಕಮ್ಮಿ. ಇರೋದನ್ನೂ ರಾತ್ರಿ ಪಾಚಿ ಎಳ್ಕೊಳ್ಳುತ್ತೆ. ದೋಣಿ ನೂಕೋ ಜಲ್ಲೆ ಊರಿ ಕೆಸರು ಕದಡಿದ್ರೆ ಉಳಿದ ಗಾಳೀನೂ ಮುಗೀತು. ಮೀನುಗಾರಿಕೆ ಇಲಾಖೆ ಮೇಡಂ ಬಂದು ಹೇಳಿದ್ರಲ್ಲ, ನೀವು ಇಸ್ಪೀಟಲ್ಲಿ ಮುಳುಗಿದ್ರಿ."

"ನೀರಲ್ಲೇ ಹುಟ್ಟಿದ್ದಕ್ಕೆ ನೀರಲ್ಲಿ ಉಸಿರು ಕಟ್ಟುತ್ತೇನೋ?"

"ನೀವು ಗಾಳಿಯಲ್ಲೇ ಹುಟ್ಟಿದೋರು. ಮೂಗು ಬಾಯಿ ಮುಚ್ಚಲಾ, ನೋಡ್ತೀರಾ?"

ಬಲೆಗಾರನ ಹೆಂಡತಿಗೆ ತಮ್ಮನ ಮಾತು ಹಿಡಿಸಿತು. "ರೀ, ಮೊಟ್ಟೆ ಕಟ್ಟಿರೋ ಮೀನೆಲ್ಲ ಅಲ್ಲೇ ಇದಾವೆ. ಅವೂ ಹೋದ್ರೆ ನಮ್ಮ ಒಲೆ ಉರಿಯೋದು ಹೇಗೆ?"

"ನಾವು ಬಿಟ್ರೆ ಇನ್ನೊಬ್ಬ ಹಿಡೀತಾನೆ ಕಣೇ."

ಈ ಒಂದು ಮಾತಿಗೆ ಎಷ್ಟು ಕೆರೆಗಳು ಸತ್ತಿವೆಯೋ!

ದೋಣಿಗಳು ಒಟ್ಟಿಗೆ ನುಗ್ಗಿದವು. ಬಲೆ ತುಂಬಿತು, ಸುಳ್ಳು ಯಾಕೆ ಹೇಳಲಿ? ಮಧ್ಯಾಹ್ನದ ಹೊತ್ತಿಗೆ ಬಲೆಗೆ ಬೀಳದ ಮೀನೂ ಹೊಟ್ಟೆ ಮೇಲಾಗಿ ತೇಲಿತು. ಕೊಯ್ದರೆ ಒಳಗೆಲ್ಲ ಮೊಟ್ಟೆ.

ಆಮೇಲೆ ಮಳೆ ಬಂತು, ಕೆರೆ ತುಂಬಿತು. ಮೊಟ್ಟೆ ಇಡಲು ತಾಯಿಮೀನೇ ಇರಲಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೆರೆ ಬತ್ತುತ್ತಿದ್ದರೆ ಕೊನೆಗೆ ಉಳಿದ ಮಡುವನ್ನು ಅದರ ಪಾಡಿಗೆ ಬಿಡಿ. ಬಲೆ ಬೇಡ, ಜಲ್ಲೆ ಬೇಡ. ಊರಿನ ಕೊಳಚೆಯನ್ನು ಅದಕ್ಕೆ ಬಿಡಬೇಡಿ, ಪಾಚಿ ಅದನ್ನೇ ತಿಂದು ಕೊಬ್ಬುತ್ತದೆ. ಹಸಿರುಗಟ್ಟಿದ ನೀರಿಗೆ ದನಕರುಗಳನ್ನೂ ಮಕ್ಕಳನ್ನೂ ಇಳಿಸಬೇಡಿ, ಅದರಲ್ಲಿ ವಿಷವಿರಬಹುದು. ಇಷ್ಟು ಓದಿಯೂ ಬಲೆ ಹೆಗಲಿಗೇರಿಸುವವರು ನಮ್ಮ ದೋಣಿಕಟ್ಟೆಗೆ ಒಮ್ಮೆ ಬಂದು ಹೋಗಿ. ಅಲ್ಲಿ ದೋಣಿಗಳು ಬೋರಲು ಬಿದ್ದಿವೆ.

ಮೊನ್ನೆ ಬಲೆಗಾರ ತುಂಬಿದ ಕೆರೆಯಿಂದ ಬರಿಗೈಲಿ ಬಂದ. ಭಾಮೈದನನ್ನು ಕಂಡವನೇ ಸಿಡಿದ. "ನಿಂಗೆ ಎಲ್ಲಾ ಗೊತ್ತಿತ್ತಲ್ಲೋ! ಅಡ್ಡ ಮಲಗಿಯಾದ್ರೂ ನನ್ನ ತಡೀಬಾರದಿತ್ತಾ?"

ಭಾಮೈದ ಉಳಿ, ಸುತ್ತಿಗೆಗಳನ್ನು ಚೀಲಕ್ಕೆ ಹಾಕಿಕೊಂಡ. ದಡ ಹತ್ತಿ ನಡೆದೇಬಿಟ್ಟ.